ಜೇಬಿಲ್ಲದ ನಲವತ್ತು ಕೋಟುಗಳು

೧

ಈ ಕಥೆಯನ್ನು ಎಲ್ಲಿಂದ ಶುರುಮಾಡುವುದು? ಗುಡುಗು, ಸಿಡಿಲು, ಗುಡ್ಡದ ಮೇಲೊಂದು ಹಾಳು ಬಂಗಲೆ, ಅದರ ಕಿಟಕಿಯಲ್ಲಿ ಮೇಣದಬತ್ತಿ ಹಿಡಿದ ಹೆಂಗಸು. ಚೆನ್ನಾಗಿದೆ ತಾನೆ? ಇಷ್ಟು ಬರೆಯುವಷ್ಟರಲ್ಲಿ ನಾಯಕಿಯೇ ಅಡ್ಡಬಾಯಿ ಹಾಕಿದಳು.

"ಮಳೆ ಬೇಡ ಕತೆಗಾರ್ರೇ, ಬಟ್ಟೆಯೆಲ್ಲ ಮುಗ್ಗಲು ಹಿಡಿಯುತ್ತೆ. ಮತ್ತೆ ನನ್ನ ಹತ್ರ ಬಂಗಲೆ ಎಲ್ಲಿಂದ ಬರ್ಬೇಕು? ಇರೋದು ಒಂದು ಹೊಲಿಗೆ ಅಂಗಡಿ. ಅದೂ ನಮ್ಮಕ್ಕಂದು."

(ಮೊದಲ ಡ್ರಾಫ್ಟ್ ಕಸದ ಬುಟ್ಟಿಗೆ ಹೋಯಿತು. ಸಿಡಿಲಿನ ವರ್ಣನೆ ಮಾತ್ರ ಎತ್ತಿಟ್ಟುಕೊಂಡಿದ್ದೇನೆ, ಬೇರೆ ಕಥೆಗಾದೀತು.)

೨

ಸರಿ, ಇದ್ದದ್ದನ್ನೇ ಹೇಳುತ್ತೇನೆ. ಅಕ್ಕನ ಅಂಗಡಿಯಲ್ಲಿ ಮಿಷನ್ ತುಳಿಯುವ ಈಕೆಯನ್ನು ಬೀದಿಯವರೆಲ್ಲ ಟೈಲರಮ್ಮ ಎನ್ನುತ್ತಾರೆ. ಭೂತಬಂಗಲೆಯ ಕಾದಂಬರಿ ಎಂದರೆ ಈಕೆಗೆ ಪ್ರಾಣ. ಹೆಣ, ಶಾಪ, ರಕ್ತದ ಕಲೆ ಎಲ್ಲ ಅಷ್ಟಕ್ಕಷ್ಟೇ. ಆದರೆ ಪ್ರತಿ ಬಂಗಲೆಯಲ್ಲೂ ಯಜಮಾನನಿಗೇ ಗೊತ್ತಿಲ್ಲದ ಒಂದು ಕೋಣೆ ಇರುತ್ತದಲ್ಲ, ಅದು ಸಿಗುವ ಪುಟ ಬಂತೆಂದರೆ ತಟ್ಟೆಯಲ್ಲಿನ ಊಟ ಆರಿಹೋದರೂ ಪರಿವೆಯಿಲ್ಲ.

ಹೋದ ವಾರ ಪ್ಯಾಕಿಂಗ್ ಕಾರ್ಖಾನೆಯಿಂದ ನಲವತ್ತು ಕೋಟುಗಳ ಆರ್ಡರ್ ಬಂತು, ಅಲ್ಲಿ ಕೆಲಸ ಮಾಡುವ ಹೆಂಗಸರಿಗೆ. ಒಂದೇ ಷರತ್ತು: ಜೇಬು ಇರಕೂಡದು. ಜೇಬಿದ್ದರೆ ಮಾಲು ಕದಿಯುತ್ತಾರಂತೆ! ಟೈಲರಮ್ಮನಿಗೆ ಮೈಯೆಲ್ಲ ಉರಿಯಿತು. ಹೊರಗೆ ಒಂದೂ ಜೇಬಿಡಲಿಲ್ಲ. ಒಳಗೆ, ಎಡಪಕ್ಕದ ಹೊಲಿಗೆಯ ಸಂದಿಯಲ್ಲಿ, ಎರಡು ಬೆರಳು ತೂರುವಷ್ಟು ಗುಪ್ತ ಜೇಬು. ನಲವತ್ತಕ್ಕೂ ಇಟ್ಟಳು.

(ಇದು ನನ್ನ ಐಡಿಯಾ ಅಲ್ಲ. ಬೈಯುವುದಿದ್ದರೆ ಅವಳನ್ನೇ ಬೈಯಿರಿ.)

೩

(ಕ್ಲೈಮ್ಯಾಕ್ಸ್ ಇಷ್ಟು ಬೇಗ ಬರಬಾರದು. ಆದರೆ ಕಾರ್ಖಾನೆಯ ಸೂಪರ್‌ವೈಸರ್ ನನ್ನನ್ನು ಕೇಳಿಕೊಂಡು ಬರುವ ಆಸಾಮಿಯಲ್ಲ.)

ಬೆಳಿಗ್ಗೆ ಸ್ಯಾಂಪಲ್ ನೋಡಲು ಬಂದವನು ಕೋಟನ್ನು ಒಳಮಗ್ಗುಲಿಗೆ ತಿರುವಿದ. ಬೆರಳು ಜೇಬಿನಲ್ಲಿ ಸಿಕ್ಕಿಕೊಂಡಿತು.

"ಏನ್ರೀ ಇದು? ಸಂಜೆ ಐದಕ್ಕೆ ಬರ್ತೀನಿ. ಅಷ್ಟರಲ್ಲಿ ಎಲ್ಲಾ ಬಿಚ್ಚಿರಬೇಕು. ಒಂದು ಸಿಕ್ಕಿದ್ರೂ ನಿಮ್ಮಂಗಡಿಗೆ ಇನ್ನು ಆರ್ಡರ್ ಇಲ್ಲ."

ಅವನು ಹೋದಮೇಲೆ ಅಕ್ಕ ತಲೆಮೇಲೆ ಕೈ ಹೊತ್ತು ಕೂತಳು. "ಅಲ್ವೇ, ನಿನ್ನ ಭೂತದ ಹುಚ್ಚಿಗೆ ನನ್ನ ಅಂಗಡೀನೇ ಬೇಕಿತ್ತಾ? ಇವನೂ ಕೈಬಿಟ್ರೆ ಬಾಗಿಲು ಹಾಕ್ಕೊಂಡು ಹೋಗೋದೇ."

"ಅಳತೆಗೆ ಬಂದಾಗ ಒಬ್ಳು ಮನೆ ಬೀಗದಕೈನ ಬಾಯಲ್ಲಿ ಕಚ್ಕೊಂಡಿದ್ಲು ಕಣಕ್ಕಾ. ಇಟ್ಕೊಳ್ಳೋಕೆ ಜಾಗ ಇಲ್ಲ ಅಂತ. ನಂಗೆ ಅಳು ಬಂತು."

"ಈಗ ನಂಗೂ ಬರ್ತಿದೆ. ಬಿಚ್ಚು."

೪

ಅಂತ್ಯ ಒಂದು: ಟೈಲರಮ್ಮ ನಲವತ್ತನ್ನೂ ಬಿಚ್ಚಿ, ಕಣ್ಣೊರೆಸಿಕೊಂಡು, ಕಾದಂಬರಿ ಓದುವುದನ್ನೇ ಬಿಡುತ್ತಾಳೆ.

"ಥೂ! ಯಾರ್ರೀ ಇದನ್ನ ಓದ್ತಾರೆ?"

ಅಂತ್ಯ ಎರಡು: ಬೀಗದಕೈಯ ವಿಷಯ ಕೇಳಿ ಸೂಪರ್‌ವೈಸರ್‌ನ ಮನಸ್ಸು ಕರಗುತ್ತದೆ.

"ಅವನ ಮುಖ ನೋಡಿದೀರಾ ನೀವು?"

(ನೋಡಿಲ್ಲ. ಮೀಸೆ ಇದೆಯೋ ಇಲ್ಲವೋ ಎಂದೂ ಇನ್ನೂ ತೀರ್ಮಾನಿಸಿಲ್ಲ.)

"ಹಾಗಾದ್ರೆ ನೀನೇ ಹೇಳು ತಾಯಿ," ಎಂದೆ. ಆಕೆ ಅಕ್ಕನನ್ನು ಊಟಕ್ಕೆ ಮನೆಗೆ ಕಳಿಸಿ, ಒಳಗಿನಿಂದ ಚಿಲಕ ಹಾಕಿಕೊಂಡಳು. ನಾನೂ ನಿಮ್ಮ ಹಾಗೆ ಹೊರಗೇ ನಿಂತೆ. ಮಧ್ಯಾಹ್ನವೆಲ್ಲ ಮಿಷನ್ ಸದ್ದು ಕೇಳುತ್ತಿತ್ತು. ಬಿಚ್ಚುವುದಕ್ಕೆ ಮಿಷನ್ ಯಾಕೆ ಬೇಕೋ, ನನಗೆ ತಿಳಿಯಲಿಲ್ಲ.

೫

ಐದಕ್ಕೆ ಸರಿಯಾಗಿ ಸೂಪರ್‌ವೈಸರ್ ಬಂದ. ಒಂದೊಂದು ಕೋಟಿನ ಎಡಪಕ್ಕದಲ್ಲೂ ಬೆರಳಾಡಿಸಿದ. ಜೇಬಿರಲಿಲ್ಲ. ಬಿಚ್ಚಿಹಾಕಿದ ನಲವತ್ತು ತುಂಡುಗಳನ್ನೂ ಎಣಿಸಿದ. ಸಹಿ ಮಾಡಿ ಕೋಟುಗಳನ್ನು ಹೊತ್ತೊಯ್ದ. ಅಕ್ಕ ಅಬ್ಬಾ ಎಂದು ಉಸಿರುಬಿಟ್ಟಳು.

ನನಗೆ ಮಾತ್ರ ಸಂಕಟವಾಯಿತು. "ಎಲ್ಲಾ ಬಿಚ್ಚಿಬಿಟ್ಯಾ?"

"ಎಡಗಡೇದು ಬಿಚ್ಚಿದೆ."

"ಮತ್ತೆ?"

ಟೈಲರಮ್ಮ ಸೂಜಿಗೆ ದಾರ ಪೋಣಿಸುತ್ತಾ ನಕ್ಕಳು. "ಮತ್ತೆ ಏನು? ನಿಮಗೆ ಹೇಳಿದ್ರೆ ಬರೆದುಬಿಡ್ತೀರ. ಅವನಿಗೂ ಓದೋಕೆ ಬರುತ್ತೆ ಕತೆಗಾರ್ರೇ."