ಮೂರನೆಯ ಸಲದ ಔಷಧ

ಚುಚ್ಚಿದ ಬೆರಳನ್ನು ಲ್ಯಾಬಿನ ಅನುರಾಧಾ ಎರಡು ಸಲ ಹಿಂಡಿದಳು. ಮೂರನೇ ಸಲಕ್ಕೆ ಒಂದು ಹನಿ ಬಂತು. ಅದನ್ನು ಪಟ್ಟಿಯ ಮೇಲೆ ಹಿಡಿದು ಸಣ್ಣ ಯಂತ್ರಕ್ಕೆ ತೂರಿಸಿ, ಸಾವಂತ್ರೆವ್ವನ ಮುಖ ನೋಡಿದಳು. ಆ ನೋಟ ಸಾವಂತ್ರೆವ್ವನಿಗೆ ಹೊಸದಲ್ಲ. ದಡ್ಡಿ ಊರಿನ ತನ್ನ ಮನೆಯ ಕಟ್ಟೆಯ ಮೇಲೆ ಕೂತು, ಮೂವತ್ತು ವರ್ಷದಿಂದ ಬಂದವರ ಕಣ್ಣರೆಪ್ಪೆ ಜಗ್ಗಿ ಅವಳೂ ಹಾಗೇ ನೋಡುತ್ತಿದ್ದಳು.

"ಎಂಟು ಐತ್ರಿ ನಿಮ್ಮ ಹಿಮೋಗ್ಲೋಬಿನ್," ಅಂದಳು ಅನುರಾಧಾ. "ಹನ್ನೆರಡೂವರಿ ಇಲ್ಲದ ನಾವು ರಕ್ತ ತಗೋಳಾಕ ಬರೂದಿಲ್ಲ. ಖರೆ ಹೇಳಬೇಕಂದ್ರ ನಿಮಗ ಯಾರರೆ ಕೊಡಬೇಕು."

ಸಾವಂತ್ರೆವ್ವ ಕುಪ್ಪಸದ ತೋಳನ್ನು ಮೇಲೇರಿಸಿಕೊಂಡು ತಯಾರಾಗಿ ಬಂದಿದ್ದಳು. ಈಗ ಅದನ್ನು ಕೆಳಗಿಳಿಸಲು ತೋಚದೆ ಹಾಗೇ ಕೂತಳು. ಗೋಕಾಕದ ಈ ಆಸ್ಪತ್ರೆಯಲ್ಲಿ, ಪಕ್ಕದ ಕೋಣೆಯಲ್ಲಿ, ಅವಳ ನೆರೆಮನೆಯ ಸಲ್ಮಾನ ಮಲಗಿದ್ದ. ಅವನ ಅಣ್ಣ ಅಸ್ಫಾಕ ಕೊಟ್ಟ ಒಂದು ಬಾಟಲಿ ರಕ್ತ ಏರಿಸಿಯಾಗಿತ್ತು. ಇನ್ನೊಂದು ಬೇಗ ಬೇಕು, ಸಿಗದಿದ್ದರೆ ಹುಡುಗನ ಎದೆ ತಡೆಯಲಿಕ್ಕಿಲ್ಲ ಎಂದು ಡಾಕ್ಟರು ಹೇಳಿದ್ದರು.

ಗೋವಾದ ಕಟ್ಟಡದ ಕೆಲಸದಿಂದ ಸಲ್ಮಾನ ಜ್ವರ ಹೊತ್ತುಕೊಂಡು ಬಂದಿದ್ದ. ಕಣ್ಣುಗಳು ಕಾಮಾಲೆ ರೋಗದವರಂತೆ ಹಳದಿಯಾಗಿದ್ದವು. ಕಾಮಣಿ ಎಂದು ಅವನ ತಾಯಿ ಶಹನಾಜಬಿ ನೇರ ಸಾವಂತ್ರೆವ್ವನ ಕಟ್ಟೆಗೇ ಕರೆತಂದಳು. ಸಾವಂತ್ರೆವ್ವನಿಗೆ ಅತ್ತೆಯಿಂದ ಬಂದ ಔಷಧವದು. ಯಾರಿಗೂ ಇಲ್ಲ ಅನ್ನುವಂತಿಲ್ಲ, ಪ್ರತಿಫಲವೆಂದು ಒಂದು ಎಲೆ ಅಡಿಕೆಯನ್ನೂ ಮುಟ್ಟುವಂತಿಲ್ಲ. ರವಿವಾರ, ಗುರುವಾರ, ಮತ್ತೆ ರವಿವಾರ, ಹೀಗೆ ಮೂರು ಸಲ, ಬರಿ ಹೊಟ್ಟೆಗೆ. ಕುಡಿಯುವವರು ಔಷಧ ನೋಡಬಾರದು, ಕಣ್ಣು ಮುಚ್ಚಿ ಬಾಯಿ ತೆರೆಯಬೇಕು. ಮೂರೂ ಮುಗಿಯುವ ತನಕ ಗುಳಿಗೆ ಇಲ್ಲ, ಸೂಜಿಯಂತೂ ಇಲ್ಲವೇ ಇಲ್ಲ.

ಮೊದಲನೆಯದು ಕುಡಿಸಿದ ಮರುದಿನ ಸೋಮವಾರ, ಗೋವಾದಿಂದ ಬಂದವರ ಜ್ವರ ವಿಚಾರಿಸುತ್ತ ಆಶಾ ಕಾರ್ಯಕರ್ತೆ ರಕ್ತ ತೆಗೆಯಲು ಬಂದಳು. ಶಹನಾಜಬಿ ಏನು ಮಾಡಲೆಂದು ಕಟ್ಟೆಯ ಕಡೆ ನೋಡಿದಳು. ಸಾವಂತ್ರೆವ್ವನೇ ಎದ್ದು ಹೋಗಿ, ಔಷಧ ನಡೆದಿದೆ, ಮುಂದಿನ ರವಿವಾರ ಕಳೆಯಲಿ, ಆಮೇಲೆ ಬೇಕಾದಷ್ಟು ಚುಚ್ಚಿಕೋ ಎಂದು ಅವಳನ್ನು ಸಾಗಹಾಕಿದ್ದಳು. ತಾನು ಜಂಬದಿಂದಲೇ ಹಾಗೆ ಮಾಡಿದ್ದೆಂಬುದು ಈಗ ಅವಳಿಗೆ ನೆನಪಾಯಿತು. ಗುರುವಾರ ಸಲ್ಮಾನನಿಗೆ ಕಟ್ಟೆಯ ಎರಡು ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಬಂದಿತ್ತು. ಉಗುರು ಸುಣ್ಣದಷ್ಟು ಬಿಳಿ. ಔಷಧ ಒಳಗಿನ ರೋಗ ಜಗ್ಗುತ್ತಿದೆ ಎಂದು ಸಾವಂತ್ರೆವ್ವ ಎರಡನೆಯದನ್ನೂ ಕುಡಿಸಿದಳು. ಶನಿವಾರ ಅವನು ಬಚ್ಚಲಲ್ಲಿ ಬಿದ್ದ.

ಅನುರಾಧಾ ಹತ್ತಿಯ ಉಂಡೆಯನ್ನು ಅವಳ ಬೆರಳಿಗೆ ಒತ್ತಿದಳು. ಮುದುಕಿ ಏಳುವ ಲಕ್ಷಣ ಕಾಣದೆ, ಬೇಕಾದರೆ ನೋಡಿರಿ ಎಂದು ಸೂಕ್ಷ್ಮದರ್ಶಕದ ಹತ್ತಿರ ಕರೆದಳು. ಅದರೊಳಗೆ ಸಲ್ಮಾನನ ರಕ್ತ, ಗುಲಾಬಿ ಬಣ್ಣದ ದುಂಡು ಬಿಲ್ಲೆಗಳು. ಅಲ್ಲೊಂದು ಇಲ್ಲೊಂದು ಬಿಲ್ಲೆಯಲ್ಲಿ ನೀಲಿ ಉಂಗುರ.

"ಆ ಉಂಗುರ ಕಾಣತೈತೆಲ್ರಿ, ಅದು ಮಲೇರಿಯಾದ್ದು. ಒಳಗ ಹೊಕ್ಕು, ಬೆಳದು, ಕಣ ಒಡಕೊಂಡು ಹೊರಗ ಬರತೈತಿ. ಹಂಗ ಒಡದ ರಕ್ತದ್ದ ಆ ಹಳದಿ. ಕಾಮಣಿ ಔಷಧ ಏನ ಮಾಡೀತು?" ರಕ್ತ ಹೆಪ್ಪುಗಟ್ಟಿಸುವ ಕಣಗಳೂ ಇಳಿದುಹೋಗಿವೆ, ವಸಡಿನಿಂದ ರಕ್ತ ಬರುತ್ತಿದೆ ಎಂದಳು. "ಸೋಮವಾರ ತೋರಿಸಿದ್ರ ಗುಳಿಗ್ಯಾಗ ಮುಗೀತಿತ್ತು. ಯಾರೋ ಬ್ಯಾಡ ಅಂದ್ರಂತ."

"ಅಂದಾಕಿ ನಾನರಿ," ಅಂದಳು ಸಾವಂತ್ರೆವ್ವ.

ಅನುರಾಧಾ ಗಾಜಿನ ಪಟ್ಟಿಯನ್ನು ತೆಗೆದು ಪೆಟ್ಟಿಗೆಯಲ್ಲಿಟ್ಟಳು.

ಹೊರಗಿನ ಬೆಂಚಿನ ಮೇಲೆ ಶಹನಾಜಬಿ ಕೂತಿದ್ದಳು. ಇವಳು ಬೈಯಬೇಕು, ನಾಲ್ಕು ಜನ ಕೇಳುವಂತೆ ಬೈಯಬೇಕು ಎಂದು ಸಾವಂತ್ರೆವ್ವನಿಗೆ ಆಸೆಯಾಯಿತು. ಶಹನಾಜಬಿ ಸೆರಗಿನಿಂದ ಬೆಂಚು ಒರೆಸಿ ಜಾಗ ಮಾಡಿಕೊಟ್ಟಳು. ನರ್ಸು ಹತ್ತಿರವಿಲ್ಲವೆಂದು ನೋಡಿಕೊಂಡು, ಕಿವಿಯ ಬಳಿ ಬಂದಳು.

"ಅಕ್ಕಾ, ಇವತ್ತ ರವಿವಾರ. ಮೂರನೇದ್ದು ಹಂಗ ಉಳದೈತಿ. ಅರ್ಧಕ್ಕ ಬಿಟ್ವಿ ಅಂತ ಹಿಂಗಾಗೈತಿ ಅನಸತೈತಿ ನನಗ. ತಂದೀಯೇನು?"

ತಂದಿಲ್ಲ ಎಂದು ಹೇಳಬಹುದಿತ್ತು, ಅದು ನಿಜವೂ ಆಗಿತ್ತು. ಬೆಳಗಿನ ಮೊದಲ ಬಸ್ಸು ಹಿಡಿಯುವಾಗ ಅವಳು ಹಿತ್ತಲಿನ ಎಲೆಯತ್ತ ತಿರುಗಿಯೂ ನೋಡಿರಲಿಲ್ಲ. ನನ್ನಿಂದಲೇ ಆಯಿತು ಎನ್ನಲು ಬಾಯಿ ತೆರೆದಳು. ಮತ್ತೆ ಮುಚ್ಚಿ, ಹತ್ತಿಯ ಉಂಡೆಯನ್ನು ಬೆರಳಿಗೆ ಒತ್ತಿಕೊಂಡಳು. ಅದನ್ನೇ ಒಪ್ಪಿಗೆ ಎಂದುಕೊಂಡು ಶಹನಾಜಬಿ ಅವಳ ಕೈಹಿಡಿದು ಒಳಗೆ ಕರೆದೊಯ್ದಳು.

ಸಲ್ಮಾನ ದಿಂಬಿಗೆ ಒರಗಿದ್ದ. ತುಟಿಗೂ ಹಾಸಿಗೆಯ ಬಟ್ಟೆಗೂ ಒಂದೇ ಬಣ್ಣ. ಖಾಲಿ ಬಾಟಲಿ ಕಂಬದಲ್ಲಿ ಹಾಗೇ ತೂಗುತ್ತಿತ್ತು.

"ಬೇಟಾ, ದೊಡ್ಡವ್ವ ಬಂದಾಳ ನೋಡು," ಅಂದಳು ಶಹನಾಜಬಿ.

ಅವನು ಸಾವಂತ್ರೆವ್ವನ ಕಡೆ ಮುಖ ಹೊರಳಿಸಿದ. ಮತ್ತೆ ಹಳದಿ ಕಣ್ಣು ಮುಚ್ಚಿಕೊಂಡು, ಬಾಯಿ ತೆರೆದ.