ಗುತ್ಯಪ್ಪನ ಚಿಕ್ಕ ಸ್ಟೇರಿಂಗು

ಗುತ್ಯಪ್ಪನ ಎಡಮಂಡಿಯ ಮೇಲೆ ತೊಲೆ ಬಿದ್ದದ್ದು ಯಾರ ತಪ್ಪೂ ಅಲ್ಲ. ಅರವತ್ತನಾಲ್ಕರ ಆ ಬೇಸಿಗೆಯಲ್ಲಿ ಸಾಗರ ಸೀಮೆಯ ಹೊಳೆದಂಡೆಯ ಊರುಗಳಲ್ಲಿ ಜನ ತಮ್ಮ ಮನೆಗಳನ್ನು ತಾವೇ ಬಿಚ್ಚುತ್ತಿದ್ದರು. ಶರಾವತಿಗೆ ಕಟ್ಟೆ ಎದ್ದಿತ್ತು. ಮಳೆ ಹಿಡಿದರೆ ನೀರು ಹಿಂದಕ್ಕೆ ಏರುತ್ತದೆ, ಅಷ್ಟರೊಳಗೆ ಹೊರಡಬೇಕು. ಹೆಂಚು, ಬಾಗಿಲು, ತೊಲೆ, ಒರಳು ಎಲ್ಲವನ್ನೂ ಮೇಲಿನ ರಸ್ತೆಗೆ ಮುಟ್ಟಿಸಿದರೆ ಅಲ್ಲಿಂದ ಲಾರಿ ಹೊಸನಗರದ ಕಡೆಯ ಹೊಸ ಜಾಗಕ್ಕೆ ಒಯ್ಯುತ್ತಿತ್ತು. ಆದರೆ ಗುತ್ಯಪ್ಪನ ಊರು ಕೆಳಗಿನಕೊಪ್ಪದವರೆಗೆ ಲಾರಿ ಇಳಿಯುವ ದಾರಿ ಇರಲಿಲ್ಲ. ಇಳಿಯುತ್ತಿದ್ದದ್ದು ಅವನ ಜೀಪು ಒಂದೇ. ಮಿಲ್ಟ್ರಿಯವರು ಹರಾಜು ಹಾಕಿದ ಹಳೆಯ ಜೀಪು ಅದು. ಹಿಂದೆ ಒಂದು ಟ್ರೈಲರು.

ಮಂಡಿ ಮುರಿಯಲಿಲ್ಲ, ಆದರೆ ಪೂರ್ತಿ ಮಡಚುವುದನ್ನು ಬಿಟ್ಟಿತು. ಕ್ಲಚ್ಚು ತುಳಿಯಬೇಕಾದರೆ ಕಾಲನ್ನು ಸೊಂಟದಿಂದಲೇ ಎತ್ತಬೇಕು. ಎತ್ತಿದರೆ ತೊಡೆ ಸ್ಟೇರಿಂಗಿನ ಕೆಳಗಂಚಿಗೆ ಬಡಿಯುತ್ತಿತ್ತು. ಗೇರು ಬದಲಿಸಿದಾಗಲೆಲ್ಲ ಒಂದು ಪೆಟ್ಟು. ಸಂಜೆ ಪಂಚೆ ಸರಿಸಿ ನೋಡಿದರೆ ತೊಡೆಯ ಮೇಲೆ ನೇರಳೆ ಬಣ್ಣದ ಬಾಸುಂಡೆ.

"ಬೇರೆ ಯಾರಾದ್ರೂ ಓಡಿಸ್ಲಿ," ಎಂದಳು ಹೆಂಡತಿ ಹೂವಮ್ಮ.

"ಯಾರು ಓಡಿಸ್ತಾರೆ? ನಿನ್ನ ತಮ್ಮ ಓಡಿಸ್ತಾನಾ?"

ತಮ್ಮ ಅಂಜನಪ್ಪ ಜಗುಲಿಯ ಮೇಲೆ ಹಗ್ಗ ಸುತ್ತುತ್ತಾ ಕೂತಿದ್ದ. ಸಾಮಾನು ಹೇರುವುದು, ಕಟ್ಟುವುದು, ಇಳಿಸುವುದು ಅವನ ಕೆಲಸ. ಜೀಪು ಓಡಿಸಲು ಅವನಿಗೆ ಬರುತ್ತಿರಲಿಲ್ಲ, ಕಲಿಸಲು ಭಾವನಿಗೆ ಪುರಸೊತ್ತೂ ಇರಲಿಲ್ಲ. ಅವನು ತಲೆ ಎತ್ತದೆ ಹೇಳಿದ: "ಸಾಗರದ ಗಣೇಶಮೂರ್ತಿ ಹತ್ರ ಕೇಳಾಣ ಭಾವ. ಚಿಕ್ಕ ಸ್ಟೇರಿಂಗು ಹಾಕಿದ್ರೆ ಕಾಲಿಗೆ ಜಾಗ ಆಗ್ತದೆ."

ಮಾರನೆಯ ದಿನ ಸಾಗರಕ್ಕೆ ಹೋದರು. ಗಣೇಶಮೂರ್ತಿಗೆ ಪೇಟೆಯ ಅಂಚಿನಲ್ಲಿ ಒಂದು ತಗಡಿನ ಮಾಡು, ಅದರ ಕೆಳಗೆ ಗ್ಯಾರೇಜು. ಅವನು ಜೀಪಿನಲ್ಲಿ ತಾನೇ ಕೂತು, ಗುತ್ಯಪ್ಪನನ್ನೂ ಕೂರಿಸಿ ಕಾಲು ಎತ್ತಿಸಿ ಬೆರಳಿಟ್ಟು ಅಳೆದ. ಆಮೇಲೆ ಒಳಗಿನಿಂದ ಕಪ್ಪು ರಿಂಗೊಂದನ್ನು ತಂದ. ಯಾವುದೋ ಸಣ್ಣ ಕಾರಿನದು, ಶಿವಮೊಗ್ಗದ ಗುಜರಿಯಿಂದ ತಂದಿಟ್ಟದ್ದು. ಜೀಪಿನದರ ಪಕ್ಕ ಹಿಡಿದರೆ ಮೊರದ ಪಕ್ಕ ಗಡಿಗೆ ಮುಚ್ಚುವ ಸಿಬ್ಬಲು ಇಟ್ಟ ಹಾಗೆ ಕಂಡಿತು.

"ಇದರ ನಡು ನಿಮ್ಮ ಜೀಪಿನ ಸ್ಟೇರಿಂಗ್ ಕಂಬಕ್ಕೆ ಕೂರಲ್ಲ ಗುತ್ಯಣ್ಣ. ನಿಮ್ದರ ನಡು ಕತ್ತರಿಸಿ ಇದಕ್ಕೆ ವೆಲ್ಡಿಂಗ್ ಮಾಡ್ಬೇಕು. ಕತ್ತರಿಸಿದ ಮೇಲೆ ಹಳೇದು ಹೋಯ್ತು, ಮತ್ತೆ ಕೇಳಬೇಡಿ. ಇನ್ನೊಂದು ಮಾತು, ಇದು ಬಿಗಿ ಆಗ್ತದೆ. ದೊಡ್ಡ ಚಕ್ರ ಆದ್ರೆ ಹಗುರ ತಿರುಗ್ತದೆ, ಚಿಕ್ಕದು ಹಾಗಲ್ಲ. ಲೋಡು ಇದ್ದಾಗ ತೋಳು ಸೋಲ್ತದೆ."

"ಕಾಲು ಸೋತಿದೆ, ತೋಳು ಇನ್ನೂ ಇದೆ. ಹಾಕು," ಎಂದ ಗುತ್ಯಪ್ಪ.

ನಡುವಿನ ನಟ್ಟು ಬಿಚ್ಚಿದರೂ ಹಳೆಯ ಸ್ಟೇರಿಂಗು ಕಂಬವನ್ನು ಬಿಡಲಿಲ್ಲ. ಎಷ್ಟೋ ವರ್ಷದ ತುಕ್ಕು. ಸೀಮೆಎಣ್ಣೆ ಬಿಟ್ಟು, ಕಾಯಿಸಿ, ಗಣೇಶಮೂರ್ತಿಯೂ ಅಂಜನಪ್ಪನೂ ಎದುರುಬದುರು ಹಿಡಿದು ಎಳೆದಾಗ ಅದು ಒಮ್ಮೆಲೇ ಕಳಚಿ ಅಂಜನಪ್ಪ ಹಿಂದಕ್ಕೆ ಬಿದ್ದ. ನಗುವಷ್ಟು ಉಸಿರು ಯಾರಲ್ಲೂ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ವೆಲ್ಡಿಂಗು ಆರಿತು. ಗುತ್ಯಪ್ಪ ಕೂತು ಕ್ಲಚ್ಚು ತುಳಿದ. ಕಾಲು ಎಲ್ಲಿಯೂ ತಾಗಲಿಲ್ಲ. ಮತ್ತೆ ಮತ್ತೆ ತುಳಿದು ನೋಡಿದ. ಬಹಳ ದಿನಗಳ ಮೇಲೆ ಅವನ ಮುಖದ ಗಂಟು ಬಿಚ್ಚಿದ್ದನ್ನು ಅಂಜನಪ್ಪ ಕಂಡ.

ಖಾಲಿ ಜೀಪಿನಲ್ಲಿ ಊರಿಗೆ ಬರುವಾಗ ತೊಂದರೆ ಕಾಣಲಿಲ್ಲ. ತೊಂದರೆ ಶುರುವಾದದ್ದು ಹೆಂಚು ಹೇರಿದ ಮೇಲೆ. ಏರುದಾರಿಯ ಗಾಡಿಜಾಡಿನಲ್ಲಿ ಗಾಲಿ ಕಚ್ಚಿಕೊಂಡರೆ ಆ ಚಿಕ್ಕ ರಿಂಗು ಕಲ್ಲಿನ ಹಾಗೆ ನಿಲ್ಲುತ್ತಿತ್ತು. ಎದೆ ಒತ್ತಿ, ಭುಜ ಕೊಟ್ಟು ತಿರುಗಿಸಬೇಕು. ಗಾಲಿ ಕಲ್ಲಿಗೆ ಬಡಿದರೆ ರಿಂಗು ಎದುರು ತಿರುಗಿ ಹೆಬ್ಬೆರಳನ್ನು ಹೊಡೆಯುತ್ತಿತ್ತು. ವಾರ ಕಳೆಯುವುದರಲ್ಲಿ ಗುತ್ಯಪ್ಪನ ಮಣಿಕಟ್ಟು ಊದಿತು. ಹೂವಮ್ಮ ಸಂಜೆ ಬಿಸಿ ಎಣ್ಣೆ ತಿಕ್ಕುತ್ತಿದ್ದಳು. ಅವನು ಕೈ ಕೊಟ್ಟು ಗೋಡೆಗೆ ಒರಗುತ್ತಿದ್ದ. ಮನೆ ಬಿಚ್ಚಿ ಕಾದು ಕೂತವರು ಇನ್ನೂ ಬಹಳ ಜನ ಇದ್ದರು. ದಿನವೂ ಯಾರಾದರೊಬ್ಬರು ಬಂದು ಅಂಗಳದಲ್ಲಿ ನಿಂತು, "ನಮ್ದು ಯಾವಾಗ ಗುತ್ಯಪ್ಪಾ?" ಎನ್ನುತ್ತಿದ್ದರು. ಆಗಲ್ಲ ಎನ್ನಲು ಅವನಿಗೆ ಬಾಯಿ ಬರುತ್ತಿರಲಿಲ್ಲ.

ಕನ್ನಮ್ಮಜ್ಜಿಯ ಸರದಿ ಬಂದದ್ದು ಮೊದಲ ಮಳೆ ಹನಿಸಿದ ಮಾರನೆಯ ಬೆಳಿಗ್ಗೆ. ಅಜ್ಜಿ ಒಬ್ಬಳೇ ಇದ್ದವಳು. ಮಗಳನ್ನು ಹೊಳೆಯಾಚೆ ಬ್ಯಾಕೋಡಿಗೆ ಕೊಟ್ಟಿದ್ದಳು. ಅಂಜನಪ್ಪ ಅವಳ ಒರಳು, ಹಂಡೆ, ಎರಡು ಬಾಗಿಲು ಹೇರಿ ಕಟ್ಟಿದ. ಅಜ್ಜಿ ಕೋಳಿಬುಟ್ಟಿ ಹಿಡಿದು ಹಿಂದೆ ಕೂತಳು. ದಾರಿ ಜಾರುತ್ತಿತ್ತು. ಅರ್ಧ ಏರಿನಲ್ಲಿ ಬಲಕ್ಕೊಂದು ಕಡು ತಿರುವು, ತಿರುವಿನ ಎಡಕ್ಕೆ ಗೋಡೆಯಂತೆ ಎದ್ದ ಜಂಬಿಟ್ಟಿಗೆ ಮಣ್ಣಿನ ದರೆ. ಅಲ್ಲಿ ಗುತ್ಯಪ್ಪ ರಿಂಗು ಎಳೆದ. ಅದು ಸ್ವಲ್ಪ ತಿರುಗಿತು, ಆಮೇಲೆ ತೋಳು ನಿಂತುಬಿಟ್ಟಿತು. ನೋವಿನಿಂದಲ್ಲ. ತೋಳು ತನ್ನದಲ್ಲವೆಂಬಂತೆ ಸುಮ್ಮನಾಯಿತು. ಜೀಪು ನೆಟ್ಟಗೆ ಹೋಗಿ ದರೆಗೆ ಮೂಗು ಊರಿತು.

ಯಾರಿಗೂ ಪೆಟ್ಟಾಗಲಿಲ್ಲ. ಕೋಳಿಗಳು ಮಾತ್ರ ಕೂಗಿದವು. ಅಂಜನಪ್ಪ ಇಳಿದು ಗಾಲಿಗೆ ಕಲ್ಲು ಕೊಟ್ಟು ಬಂದು ನೋಡಿದರೆ ಭಾವ ಕೂತಲ್ಲೇ ಕೂತು ಎರಡೂ ಕೈ ತೊಡೆಯ ಮೇಲೆ ಹಾಕಿಕೊಂಡಿದ್ದ.

"ನನ್ನ ಕೈಲಿ ಆಗಲ್ಲ ಅಂಜನಾ. ಕಾಲು ಉಳಿಸೋಕೆ ಹೋಗಿ ಕೈ ಕಳ್ಕೊಂಡೆ. ಹಳೇ ಸ್ಟೇರಿಂಗೂ ಇಲ್ಲ ಈಗ."

ಅಜ್ಜಿ ಹಿಂದಿನಿಂದ ಇಳಿದು ದರೆಯ ಬುಡದಲ್ಲಿ ಕೂತು ಎಲೆಯಡಿಕೆ ಚೀಲ ಬಿಚ್ಚಿದಳು. "ಕೂತ್ಕಾ ಮಾರಾಯ ಒಂಚೂರು. ನೀರು ಇವತ್ತೇ ಬರಲ್ಲ. ಬಂದ್ರೆ ಬರ್ಲಿ, ನನ್ನ ಮಗಳು ಆಕಡೆ, ನಾನು ಈಕಡೆ. ನಂಗೆ ಎಲ್ಲಿಗೆ ಹೋಗೋ ಅವಸರ?"

ಅಜ್ಜಿ ಕೊಟ್ಟ ಎಲೆಯನ್ನು ಗುತ್ಯಪ್ಪ ಬಾಯಿಗಿಟ್ಟ. ಅಂಜನಪ್ಪ ಪಕ್ಕದ ಸೀಟಿಗೆ ಬಂದು ಕೂತ. ಭಾವನ ಕಡೆಗೆ ಸರಿದು, ಕೈ ಚಾಚಿ ರಿಂಗಿನ ಒಂದು ಬದಿ ಹಿಡಿದ.

"ಎಂತ ಮಾಡ್ತೀಯ?"

"ನೀವು ಹೇಳಿ, ನಾನು ಎಳೀತೀನಿ. ಕಾಲು ನಿಮ್ದು, ಕೈ ಇಬ್ಬರದು."

"ಹಾಗೆಲ್ಲ ಓಡಿಸೋಕೆ ಆಗ್ತದೇನೋ?"

"ಆಗದಿದ್ರೆ ದರೆ ಇದ್ದೇ ಇದೆ, ಮತ್ತೆ ಗುದ್ದೋಣ."

ಹಿಂದಕ್ಕೆ ಸರಿಸಿ, ಮತ್ತೆ ಏರಿಸಿದರು. "ಬಲಕ್ಕೆ... ಇನ್ನೂ... ಬಿಡು, ಬಿಡು," ಎಂದು ಗುತ್ಯಪ್ಪ ಹೇಳುತ್ತಿದ್ದ. ಮೊದಮೊದಲು ಒಬ್ಬ ಎಳೆದರೆ ಇನ್ನೊಬ್ಬ ತಡೆದು ಜೀಪು ಹಾವಿನ ಹಾಗೆ ಹೊರಳಿತು. ಮೇಲಿನ ರಸ್ತೆ ತಲುಪಿದಾಗ ಇಬ್ಬರ ಅಂಗಿಯೂ ಬೆವರಿಗೆ ಅಂಟಿತ್ತು. ಅಜ್ಜಿಯನ್ನು ಲಾರಿಗೆ ಹತ್ತಿಸಿ, ಅವಳ ಒರಳನ್ನು ಅಂಜನಪ್ಪನೇ ಎತ್ತಿಟ್ಟ. ಅಜ್ಜಿ ಬುಟ್ಟಿಯಿಂದ ಒಂದು ಹುಂಜ ತೆಗೆದುಕೊಟ್ಟಳು. ಗುತ್ಯಪ್ಪ ಬೇಡವೆಂದರೂ ಕೇಳಲಿಲ್ಲ.

ಆಮೇಲಿನ ಖೇಪುಗಳೆಲ್ಲ ಹಾಗೆಯೇ ನಡೆದವು. ದಿನ ಹೋದಂತೆ ಮಾತೂ ಬೇಕಾಗಲಿಲ್ಲ. ಭಾವನ ಭುಜ ವಾಲಿದರೆ ಅಂಜನಪ್ಪನ ಕೈ ತಾನೇ ಎಳೆಯುತ್ತಿತ್ತು. ಬಯಲಿನಲ್ಲಿ ಗುತ್ಯಪ್ಪ ಅವನಿಗೆ ಕ್ಲಚ್ಚು, ಗೇರು ತೋರಿಸಿದ. ಕಲಿಸಿದ ಎನ್ನುವುದಕ್ಕಿಂತ, ಸುಸ್ತಾಗಿ ಸೀಟು ಬಿಟ್ಟುಕೊಟ್ಟ ಎನ್ನಬೇಕು.

ಕೊನೆಗೆ ಉಳಿದದ್ದು ಅವರದೇ ಮನೆ. ಎಷ್ಟೋ ಮನೆ ಬಿಚ್ಚಿದ ಕೈಗೆ ಇದೂ ಒಂದು. ಅಡಿಗೆಮನೆಯ ಮಾಡು ಕೆಳಗಿಳಿದಾಗ ಹೂವಮ್ಮ ಮಾತ್ರ ತಿರುಗಿ ಹೊಳೆಯ ಕಡೆ ನಿಂತಳು. ಆ ದಿನ ಏರಿನ ಅಷ್ಟು ದಾರಿಯನ್ನೂ ಅಂಜನಪ್ಪನೇ ಓಡಿಸಿದ. ಗುತ್ಯಪ್ಪ ಪಕ್ಕದಲ್ಲಿ ಕೂತು ಕಡು ತಿರುವಿನಲ್ಲಿ ರಿಂಗಿಗೆ ಕೈ ಕೊಟ್ಟ. ಅಲ್ಲಿ ಆ ಕೈಯಿಂದ ಹೆಚ್ಚೇನೂ ಆಗಲಿಲ್ಲ, ಆದರೂ ಅಂಜನಪ್ಪ ಬೇಡ ಎನ್ನಲಿಲ್ಲ.

ಹೊಸನಗರದಾಚೆಯ ಹೊಸ ಜಾಗದಲ್ಲಿ ಇನ್ನೂ ಬುಡ ಕೀಳದ ಮರಗಳು, ಮೂರು ಕಲ್ಲಿನ ಒಲೆ. ಹೂವಮ್ಮ ಅನ್ನ ಸಾರು ಮಾಡಿ ಬಾಳೆಲೆಗೆ ಬಡಿಸಿದಳು. ಗುತ್ಯಪ್ಪ ತುತ್ತು ಎತ್ತಲು ನೋಡಿದ. ಕೈ ಎದೆಯವರೆಗೆ ಬಂದು ನಿಂತಿತು. ಇನ್ನೊಮ್ಮೆ ನೋಡಿದ, ಅನ್ನ ಮಡಿಲಿಗೆ ಬಿತ್ತು. ಅಕ್ಕಪಕ್ಕದ ಒಲೆಗಳ ಸುತ್ತ ಜನ ಕೂತಿದ್ದರು. ಅವನು ನಾಚಿಕೆಯಿಂದ ತಲೆ ತಗ್ಗಿಸಿದ.

ಹೂವಮ್ಮ ಹತ್ತಿರ ಬಂದು ಕೂತು ಅನ್ನ ಕಲಸಿದಳು. "ಬಾಯಿ ತೆಗೀರಿ."

"ಎಲ್ರೂ ನೋಡ್ತಾರೆ."

"ನೋಡ್ಲಿ. ಅವ್ರ ಮನೇನೆಲ್ಲ ಈ ಕೈಯೇ ಹೊತ್ತಿದ್ದು."

ಅಂಜನಪ್ಪ ಎದ್ದು ಜೀಪಿನ ಕಡೆ ಹೋಗಿ ಹಗ್ಗ ಬಿಚ್ಚತೊಡಗಿದ. ಗುತ್ಯಪ್ಪ ನಾಲ್ಕಾರು ತುತ್ತು ತಿಂದ. ಆಮೇಲೆ ಬಾಯಲ್ಲಿ ಅನ್ನ ಇಟ್ಟುಕೊಂಡೇ ನಿದ್ದೆಗೆ ಜಾರಿದ. ಹೂವಮ್ಮ ಅವನ ತಲೆಯನ್ನು ತನ್ನ ಭುಜಕ್ಕೆ ಒರಗಿಸಿಕೊಂಡು, ಎಲೆಯಲ್ಲಿ ಉಳಿದದ್ದನ್ನು ತಾನು ತಿಂದಳು.