ಕಿಟಕಿ ಪಕ್ಕದ ಎರಡು ಗೂಡು

ಮದುವೆಯಾಗಿ ಆ ಮನೆಗೆ ಬಂದ ದಿನ ಅವಳಿಗೆ ಬಟ್ಟೆ ಇಡಲು ಜಾಗ ತೋರಿಸಿದ್ದು ಗಂಡನಲ್ಲ, ಗಂಡನ ಮಗಳು. ಆಗಿನ್ನೂ ಹತ್ತು ವರ್ಷದ ಹುಡುಗಿ. ಮಾತಿನಲ್ಲೂ ಕೆಲಸದಲ್ಲೂ ಚುರುಕು ಎಂದು ಎಲ್ಲರೂ ಚೂಟಿ ಎಂದೇ ಕರೆಯುತ್ತಿದ್ದರು. ಗೋಡೆ ತುಂಬ ನಿಂತಿದ್ದ ಕಪಾಟಿನ ಮುಂದೆ ಕರೆದುಕೊಂಡು ಹೋಗಿ, ಬಾಗಿಲ ಹತ್ತಿರದ, ಎಲ್ಲಕ್ಕಿಂತ ಕೆಳಗಿನ ಗೂಡು ತೋರಿಸಿ, "ಇದು ನಿಮ್ಮದು. ಬೇರೆಯದೆಲ್ಲ ತುಂಬಿದೆ" ಎಂದಳು. ಬೇರೆಯದರಲ್ಲಿ ಅರ್ಧಕ್ಕರ್ಧ ಖಾಲಿ ಬಿದ್ದಿದ್ದು ಇಬ್ಬರ ಕಣ್ಣಿಗೂ ಕಾಣುತ್ತಿತ್ತು. ಅವಳು ಬಗ್ಗಿ ತನ್ನ ಬಟ್ಟೆಯನ್ನೆಲ್ಲ ಅದರಲ್ಲೇ ತುರುಕಿದಳು.

ಆ ಕಪಾಟು ಅಂದರೆ ಒಂದೇ ಸಾಮಾನಲ್ಲ. ಮೊಣಕಾಲೆತ್ತರದ ಬಿಡಿ ಬಿಡಿ ಮರದ ಪೆಟ್ಟಿಗೆಗಳು. ಒಂದರ ಮೇಲೊಂದು, ಒಂದರ ಪಕ್ಕ ಒಂದು ಇಟ್ಟು ಬೋಲ್ಟು ಬಿಗಿದರೆ ಕಪಾಟು. ಬಿಚ್ಚಿದರೆ ಮತ್ತೆ ಪೆಟ್ಟಿಗೆ. ಆ ಬೋಲ್ಟಿಗೆ ಬೇರೆ ಸ್ಪ್ಯಾನರು ಹಿಡಿಯದು, ಜೊತೆಗೇ ಬಂದ ಪುಟ್ಟ ಕೀಲಿಯೇ ಬೇಕು. ಮನೆಯಲ್ಲಿ ಅವಕ್ಕೆ ಗೂಡು ಅನ್ನುತ್ತಿದ್ದರು. ಆರಿಸಿ ತಂದಿದ್ದು ಚೂಟಿಯ ಅಮ್ಮ. ಇರುವುದೇ ಎರಡು ಕೋಣೆ, ಇವತ್ತು ಬೇಕಾದದ್ದು ನಾಳೆ ಬೇಡವಾಗುತ್ತದೆ, ಗೋಡೆಗೆ ಹೊಡೆದ ಕಪಾಟು ನಮಗೆ ಆಗಿಬರುವುದಿಲ್ಲ ಎಂದು ಹಟ ಮಾಡಿ ತಂದಿದ್ದಳಂತೆ. ಅದನ್ನು ಬಳಸಿ ತಣಿಯುವಷ್ಟು ದಿನ ಅವಳು ಉಳಿಯಲಿಲ್ಲ. ಹೊಟ್ಟೆಯಲ್ಲಿ ಗಡ್ಡೆ ಎಂದು ಆಸ್ಪತ್ರೆಗೆ ಹೋದವಳು ತಿರುಗಿ ಬರಲಿಲ್ಲ.

ಗಂಡನದು ಲಿಫ್ಟ್ ರಿಪೇರಿ ಕೆಲಸ. ಮನೆಯಲ್ಲಿ ಸ್ಪ್ಯಾನರು, ಸ್ಕ್ರೂಡ್ರೈವರಿಗೆ ಬರವಿರಲಿಲ್ಲ. ಚೂಟಿ ದೊಡ್ಡವಳಾಗುತ್ತ ಬಂದ ಹಾಗೆ ಅವನು ಕಪಾಟನ್ನು ಗೋಡೆಯಿಂದ ಬಿಡಿಸಿ ಹಜಾರದ ನಡುವೆ ಅಡ್ಡ ನಿಲ್ಲಿಸಿದ. ಆಚೆ ಕಡೆ ಕಿಟಕಿ, ಒಂದು ಮಂಚ, ಒಂದು ಕುರ್ಚಿ. ಅದು ಚೂಟಿಯ ಕೋಣೆ ಅನ್ನಿಸಿಕೊಂಡಿತು. ಕಿಟಕಿಗೆ ಅಂಟಿದ ಎರಡು ಗೂಡಿನಲ್ಲಿ ಅವಳ ಬಣ್ಣದ ಡಬ್ಬಿ, ಶಟಲ್ ರಾಕೆಟ್, ಎಲ್ಲೆಲ್ಲಿಂದಲೋ ಆಯ್ದು ತಂದ ಕಲ್ಲುಗಳು. ಅಲ್ಲಿ ಬೇರೆ ಯಾರೂ ಕೈ ಹಾಕುವ ಹಾಗಿರಲಿಲ್ಲ.

ಅವಳು, ಅಂದರೆ ಚೂಟಿಯ ಚಿಕ್ಕಮ್ಮ, ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಮೂಗಿನ ಮೇಲೆ ಕೂರದ ಕನ್ನಡಕವನ್ನು ಬಿಸಿ ಮಾಡಿ, ತುಸು ತುಸುವೇ ಬಗ್ಗಿಸಿ ಕೂರಿಸುವುದು ಅವಳ ಕೈಗೆ ಹತ್ತಿದ ವಿದ್ಯೆ. ಈ ಹುಡುಗಿಯ ಮುಂದೆ ಮಾತ್ರ ಆ ವಿದ್ಯೆ ನಡೆಯಲಿಲ್ಲ. ಚೂಟಿ ಎದುರು ಮಾತಾಡುತ್ತಿರಲಿಲ್ಲ, ರಂಪ ಮಾಡುತ್ತಿರಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟು ಕಪಾಟಿನ ಆಚೆ ಹೋಗಿ ಕೂರುತ್ತಿದ್ದಳು, ಅಷ್ಟೆ.

ಮದುವೆಯಾದ ಮೂರನೇ ವರ್ಷ ಅವಳು ಬಸುರಿಯಾದಳು. ಗಂಡ ಹೆಂಡತಿಯ ಕೋಣೆಯಲ್ಲಿ ಮಂಚ ಹಾಕಿದ ಮೇಲೆ ಉಳಿಯುವುದೇ ಒಂದು ಮೂಲೆ. ಮಗುವಿನ ಬಟ್ಟೆ ಇಡಲು, ಮಲಗಿಸಿ ಒರೆಸಿ ಬದಲಾಯಿಸಲು ಏನಾದರೂ ಆಗಬೇಕಿತ್ತು. ಗಂಡ ಟೇಪು ಹಿಡಿದು ಅಳೆದು ನೋಡಿ, "ಎರಡು ಗೂಡು ಅಕ್ಕಪಕ್ಕ ಇಟ್ಟು ಕೆಳಗೆ ಕಾಲು ಕೊಟ್ಟರೆ ಸರಿಯಾಗಿ ನಿನ್ನ ಸೊಂಟದೆತ್ತರ ಬರುತ್ತೆ" ಎಂದ. ತುದಿಯ ಗೂಡು ಬಿಟ್ಟು ನಡುವಿನದನ್ನು ಕಿತ್ತರೆ ಕಪಾಟೇ ಅಲ್ಲಾಡುತ್ತಿತ್ತು. ತುದಿಯೆಂದರೆ ಒಂದು ಕಡೆ ಬಾಗಿಲು, ಅಲ್ಲಿಯ ಗೂಡುಗಳ ಮೇಲೆ ಟಿವಿ. ಇನ್ನೊಂದು ಕಡೆ ಕಿಟಕಿ.

"ನಾನೇ ಕೇಳ್ತೀನಿ" ಎಂದು ಅವಳು ಕಪಾಟಿನ ಆಚೆ ಹೋದಳು.

ಚೂಟಿ ಪೂರ್ತಿ ಕೇಳಿಸಿಕೊಂಡು, "ತಗೊಳ್ಳಿ" ಎಂದಳು.

"ಬೇಜಾರಾದರೆ ಹೇಳು. ಬೇರೆ ಏನಾದರೂ ಮಾಡೋಣ."

"ತಗೊಳ್ಳಿ ಅಂದೆನಲ್ಲ."

ಆಗಲೇ ಎದ್ದು ಒಂದು ರಟ್ಟಿನ ಪೆಟ್ಟಿಗೆಗೆ ಕಲ್ಲು, ಬಣ್ಣ, ರಾಕೆಟ್ ಎಲ್ಲ ತುಂಬಿ ಮಂಚದಡಿಗೆ ತಳ್ಳಿದಳು. ಕೂಗಾಡಿದ್ದರೂ ಚೆನ್ನಾಗಿತ್ತು ಅನ್ನಿಸಿತು ಚಿಕ್ಕಮ್ಮನಿಗೆ.

ಗಂಡ ಗೂಡುಗಳ ಬಾಗಿಲು ಕಳಚಿದ, ಒಂದು ಕೈಯಲ್ಲಿ ಮಗುವನ್ನು ಹಿಡಿದು ಇನ್ನೊಂದು ಕೈಯಿಂದ ಬಟ್ಟೆ ಎಳೆದುಕೊಳ್ಳಲು ಸಲೀಸಾಗಲಿ ಎಂದು. ಮೇಲೆ ತೆಳ್ಳನೆ ಹಾಸಿಗೆ ಬಂತು. ಅವಳು ಮೆತ್ತಗಾದ ಹಳೆ ಬಟ್ಟೆ ಕತ್ತರಿಸಿ ಅಂಚು ಹೊಲಿದು, ಮಡಿಚಿ ಮಡಿಚಿ ಒಳಗೆ ಜೋಡಿಸಿದಳು. ಜೋಡಿಸಿದ್ದನ್ನೇ ಕೆಡವಿ ಮತ್ತೆ ಜೋಡಿಸಿದಳು.

ದಿನ ತುಂಬುವ ಮೊದಲೇ, ಅಂಗಡಿಯಲ್ಲಿ ಯಾರಿಗೋ ಕನ್ನಡಕ ತೊಡಿಸುತ್ತಿದ್ದಾಗ ನೋವು ಶುರುವಾಯಿತು. ಮಗು ಅಳಲಿಲ್ಲ. ಡಾಕ್ಟರು ಮೆಲ್ಲಗೆ ಏನೇನೋ ಹೇಳಿದರು. ಗಂಡು ಮಗು ಎನ್ನುವುದೊಂದು ಮಾತ್ರ ಅವಳ ಕಿವಿಗೆ ಹೋಯಿತು. ನರ್ಸು ಬಟ್ಟೆಯಲ್ಲಿ ಸುತ್ತಿ ತಂದು ಸ್ವಲ್ಪ ಹೊತ್ತು ಕೈಗೆ ಕೊಟ್ಟಳು. ಸುತ್ತಿದ್ದು ಆಸ್ಪತ್ರೆಯ ಬಟ್ಟೆ. ಮನೆಯಲ್ಲಿ ಅಷ್ಟೊಂದು ಹೊಲಿದಿಟ್ಟು, ಕೊನೆಗೆ ಆಸ್ಪತ್ರೆಯ ಒರಟು ಬಟ್ಟೆಯೇ ಆಯಿತಲ್ಲ ಎಂದು ಅವಳಿಗೆ ಅನ್ನಿಸಿದ್ದು ಅದೊಂದೇ. ಅಳು ಬರಲಿಲ್ಲ.

ಗಂಡನ ಅಕ್ಕ ಬಂದು ಹಾಸಿಗೆಯ ಪಕ್ಕ ಕೂತು ಅವಳ ಕೂದಲು ಬಾಚಿದರು. ಆ ಮನೆಗೆ ಕಷ್ಟ ಬಂದಾಗೆಲ್ಲ ಓಡಿ ಬಂದು ಹೆಗಲು ಕೊಡುವ ಹೆಂಗಸು.

"ನೀನು ಯೋಚನೆ ಮಾಡಬೇಡ. ನೀನು ಮನೆಗೆ ಬರೋಷ್ಟರಲ್ಲಿ ಕೋಣೆ ಮೊದಲಿನ ಹಾಗೇ ಮಾಡಿಸಿಟ್ಟಿರ್ತೀನಿ. ಒಂದು ಚೂರು ಬಟ್ಟೆಯೂ ನಿನ್ನ ಕಣ್ಣಿಗೆ ಬೀಳಬಾರದು."

ಅವಳು ತಲೆಯಾಡಿಸಿದಳು. ಬೇಕೋ ಬೇಡವೋ ಎಂದು ಯೋಚಿಸಲೂ ಮೈಯಲ್ಲಿ ತ್ರಾಣವಿರಲಿಲ್ಲ.

ಮನೆಗೆ ಕರೆತಂದ ದಿನ, ಆಟೋದಲ್ಲಿ ಕೂತಷ್ಟು ಹೊತ್ತೂ ಅವಳು ಬರಿದಾದ ಮೂಲೆಯನ್ನು ನೋಡುವುದಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳುತ್ತಿದ್ದಳು. ಕೋಣೆಯ ಬಾಗಿಲು ತಳ್ಳಿದರೆ ಎರಡು ಗೂಡೂ ಇದ್ದಲ್ಲೇ ಇವೆ. ಹಾಸಿಗೆ, ಬಟ್ಟೆಯ ಮಡಿಕೆ, ಎಲ್ಲವೂ ಇದ್ದ ಹಾಗೇ. ಅವುಗಳಿಗೆ ಬೆನ್ನು ಕೊಟ್ಟು, ನೆಲದ ಮೇಲೆ ಕಾಲು ಚಾಚಿ ಚೂಟಿ ಕೂತಿದ್ದಳು. ಕಣ್ಣು ಕೆಂಪಗಾಗಿತ್ತು.

"ನಿನ್ನ ಮಗಳ ಮೊಂಡುತನ ನೋಡು" ಎಂದರು ಅತ್ತಿಗೆ ಹಿಂದಿನಿಂದ. "ನಿನ್ನೆಯಿಂದ ಜಾಗ ಬಿಟ್ಟು ಏಳ್ತಿಲ್ಲ. ಸ್ಕೂಲಿಗೂ ಹೋಗಲಿಲ್ಲ. ಬಿಚ್ಚೋಣ ಅಂದರೆ ಬೋಲ್ಟಿನ ಕೀಲಿ ಬಚ್ಚಿಟ್ಟಿದ್ದಾಳೆ."

"ಎಲ್ಲಿಟ್ಟಿದ್ದಾಳೋ ಗೊತ್ತಿಲ್ಲ" ಎಂದ ಗಂಡ. "ಕೇಳಿ ಕೇಳಿ ಸಾಕಾಯ್ತು."

"ಕಾಲುಚೀಲದಲ್ಲಿದೆ" ಎಂದಳು ಚೂಟಿ. "ಚುಚ್ತಾ ಇದೆ."

ಯಾರೂ ನಗಲಿಲ್ಲ. ಚೂಟಿ ಎದ್ದು ನಿಂತು, ಸೋದರತ್ತೆಯ ಕಡೆ ನೋಡದೆ, ಚಿಕ್ಕಮ್ಮನನ್ನೇ ನೋಡುತ್ತ ಹೇಳಿದಳು: "ಅಮ್ಮ ಹೋದಾಗ ನಾನು ಸ್ಕೂಲಿಂದ ಬರೋಷ್ಟರಲ್ಲಿ ಅವಳ ಗೂಡೆಲ್ಲ ಖಾಲಿ ಮಾಡಿದ್ದರು. ಒದ್ದೆ ಬಟ್ಟೆಯಲ್ಲಿ ಒರೆಸಿಯೂ ಬಿಟ್ಟಿದ್ದರು. ತಲೆ ಒಳಗಿಟ್ಟು ನೋಡಿದೆ, ಸೋಪಿನ ವಾಸನೆ ಮಾತ್ರ ಇತ್ತು. ನನ್ನನ್ನ ಯಾರೂ ಕೇಳಲಿಲ್ಲ." ಉಸಿರು ಎಳೆದುಕೊಂಡಳು. "ನಿಮಗೆ ಬೇಡ ಅಂದರೆ ಈಗಲೇ ಬಿಚ್ಚಿ. ನೀವು ನೋಡೋಕ್ಕೆ ಮುಂಚೆ ಬಿಚ್ಚಬಾರದು ಅಂತ ಕೂತಿದ್ದೆ, ಅಷ್ಟೆ."

ಅತ್ತಿಗೆ ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟರು. ಅವತ್ತು ಒರೆಸಿದ ಕೈ ಅವರದೇ. "ನಿನಗೆ ಸಂಕಟ ಆಗಬಾರದು ಅಂತ ಮಾಡಿದ್ದು ಕಂದಾ" ಎಂದರು. "ಕೇಳಬೇಕಿತ್ತು. ಚಿಕ್ಕ ಹುಡುಗಿ, ಇವಳಿಗೇನು ಗೊತ್ತಾಗುತ್ತೆ ಅಂದುಕೊಂಡೆ" ಎಂದು ಅಡುಗೆಮನೆಗೆ ಹೋದರು. ಅಲ್ಲಿ ಬಹಳ ಹೊತ್ತು ನಲ್ಲಿ ನೀರು ಸುಮ್ಮನೆ ಹರಿಯುತ್ತಿತ್ತು.

ಚಿಕ್ಕಮ್ಮ ಗೂಡಿನ ಮುಂದೆ ಕುಸಿದು ಕೂತು ಮೇಲಿನ ಮಡಿಕೆಯನ್ನು ತೆಗೆದು ಮುಖಕ್ಕೆ ಒತ್ತಿಕೊಂಡಳು. ಆಸ್ಪತ್ರೆಯಲ್ಲಿ ಬಾರದ ಅಳು ಆಗ ಬಂತು. ಬಂದದ್ದು ನಿಲ್ಲಲಿಲ್ಲ. ಚೂಟಿ ಮೈ ಮುಟ್ಟಲಿಲ್ಲ, ಸಮಾಧಾನ ಹೇಳಲಿಲ್ಲ. ಪಕ್ಕದಲ್ಲಿ ಕೂತೇ ಇದ್ದಳು.

ಬೋಲ್ಟಿಗೆ ಯಾರೂ ಕೈ ಹಚ್ಚಲಿಲ್ಲ. ಮಗುವಿಲ್ಲದ ಎದೆಗೆ ಹಾಲು ಬಂದು ಕಲ್ಲಿನ ಹಾಗೆ ಗಟ್ಟಿಯಾದಾಗ, ಅದೇ ಬಟ್ಟೆಗಳನ್ನು ತಣ್ಣೀರಿನಲ್ಲಿ ಅದ್ದಿ ಒತ್ತಿಕೊಂಡಳು. ಅತ್ತಿಗೆ ಅವನ್ನು ಒಗೆದು ಒಣಗಿಸಿ, ಮಡಿಚಿ ತಿರುಗಿ ಗೂಡಿಗೇ ಇಟ್ಟರು. ಗಂಡ ಮಾತ್ರ ಆ ಮೂಲೆಯ ಕಡೆ ಮುಖ ಹಾಕುತ್ತಿರಲಿಲ್ಲ. ಕೆಲಸ ಹೆಚ್ಚಿದೆ ಎಂದು ತಡವಾಗಿ ಬರುತ್ತಿದ್ದ, ಹಜಾರದಲ್ಲೇ ಚಾಪೆ ಹಾಸಿಕೊಳ್ಳುತ್ತಿದ್ದ. ಏನಾದರೂ ಕೇಳಿದರೆ, "ನನಗೇನಾಗಿದೆ? ನೀನು ಸುಧಾರಿಸ್ಕೋ" ಎನ್ನುತ್ತಿದ್ದ.

ಅತ್ತಿಗೆ ಊರಿಗೆ ಹೋದರು. ಅವಳು ಅಂಗಡಿಗೆ ಹೋಗಲು ಶುರು ಮಾಡಿದಳು. ಒಂದು ರಜೆಯ ದಿನ ಬೆಳಿಗ್ಗೆ, ಹಲ್ಲುಜ್ಜುತ್ತಿದ್ದ ಚೂಟಿಗೆ, "ಆ ಕೀಲಿ ತಗೊಂಡು ಬಾ" ಎಂದಳು.

ಚೂಟಿ ಬಾಯಿ ಮುಕ್ಕಳಿಸಿ, "ಇವತ್ತಾ?" ಎಂದಳು.

"ಹೂಂ. ಇವತ್ತು ಆಗುತ್ತೆ ಅನ್ನಿಸ್ತು."

ಬಟ್ಟೆಗಳನ್ನು ಮಂಚದ ಮೇಲೆ ಹರಡಿಕೊಂಡು ಇಬ್ಬರೂ ಒಂದೊಂದಾಗಿ ನೋಡಿದರು. ಕೆಲವನ್ನು ಆಸ್ಪತ್ರೆಯ ಹೆರಿಗೆ ವಾರ್ಡಿಗೆ ಕೊಡಬೇಕು ಎಂದು ಅವಳೇ ಬೇರೆ ಮಾಡಿದಳು, ಯಾವ ಮಗುವಿಗಾದರೂ ಮೆತ್ತಗಿರಲಿ ಎಂದು. ಕೆಲವನ್ನು ಕೊಡುವುದಕ್ಕೆ ಕೈ ಬರಲಿಲ್ಲ. ಬೋಲ್ಟುಗಳು ಕಚ್ಚಿಕೊಂಡಿದ್ದವು. ಚೂಟಿ ಒಂದು ಕಾಲನ್ನು ಗೋಡೆಗೆ ಕೊಟ್ಟು ಎಳೆದಾಗ ಕೀಲಿ ಜಾರಿ, ಹಿಂದಕ್ಕೆ ದೊಪ್ಪೆಂದು ಬಿದ್ದಳು. ಚಿಕ್ಕಮ್ಮನಿಗೆ ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ, ನಕ್ಕೆನಲ್ಲ ಎಂದು ಹೆದರಿ ಬಾಯಿಗೆ ಕೈ ಅಡ್ಡ ಹಿಡಿದಳು.

"ಅಮ್ಮ ಹೋದ ಮೇಲೆ ನಗು ಬಂದರೆ ನಾನೂ ಹಾಗೇ ಹೆದರ್ತಿದ್ದೆ" ಎಂದಳು ಚೂಟಿ ಸೊಂಟ ಉಜ್ಜಿಕೊಳ್ಳುತ್ತ. "ಏನೂ ಆಗಲ್ಲ."

ಗೂಡುಗಳನ್ನು ಹಜಾರಕ್ಕೆ ಎಳೆದು ತಂದರು. ಕಿಟಕಿಯ ಪಕ್ಕ ಒಂದನ್ನು ಕೂರಿಸಿದ ಮೇಲೆ ಚೂಟಿ ಕೈ ಕೊಡವಿ, "ನನಗೆ ಒಂದು ಸಾಕು" ಎಂದಳು. "ಇನ್ನೊಂದರಲ್ಲಿ ನೀವು ಅವನ ಬಟ್ಟೆ ಇಟ್ಕೊಳ್ಳಿ. ಬಾಗಿಲು ಹಾಕಿದರೆ ಬಂದವರಿಗೆ ಕಾಣಲ್ಲ. ನಿಮಗೆ ಬೇಕಾದಾಗ ತೆಗೀಬಹುದು."

ಅವನ ಬಟ್ಟೆ. ಅವನು ಎಂದು ಆ ಮನೆಯಲ್ಲಿ ಇನ್ನೂ ಯಾರೂ ಅಂದಿರಲಿಲ್ಲ.

ಗಂಡ ಬಂದಾಗ ಇಬ್ಬರೂ ಆ ಗೂಡಿನ ಬಾಗಿಲನ್ನು ಹಿಡಿದು ಒದ್ದಾಡುತ್ತಿದ್ದರು. ಅವನು ಚೀಲ ಕೆಳಗಿಟ್ಟು, "ಬಿಡಿ, ಕೀಲು ತಿರುಗಾಮುರುಗಾ ಹಾಕಿದ್ದೀರಿ" ಎಂದು ಸ್ಕ್ರೂಡ್ರೈವರು ಇಸಿದುಕೊಂಡ. ಒಳಗೆ ಮಡಿಚಿಟ್ಟ ಮಗುವಿನ ಬಟ್ಟೆ ಕಂಡಿತು. ಒಂದು ಸ್ಕ್ರೂ ಹಾಕಿದ, ಎರಡನೆಯದು ಬೆರಳಿಂದ ಜಾರಿತು. ಹುಡುಕಿ ಎತ್ತಿದ, ಮತ್ತೆ ಜಾರಿತು.

"ನಾನವನ ಮುಖ ಸರಿಯಾಗಿ ನೋಡಲೇ ಇಲ್ಲ ಕಣೇ" ಎಂದ. "ನೋಡೋಕ್ಕೆ ಧೈರ್ಯ ಬರಲಿಲ್ಲ."

"ನಾನು ನೋಡಿದೀನಿ ರೀ" ಎಂದಳು ಅವಳು. "ಹೇಳ್ತೀನಿ."

ಅವಳು ಅಲ್ಲೇ ಕೂತು ಹೇಳಿದಳು. ಹಣೆ ಹೇಗಿತ್ತು, ಕೂದಲು ಎಷ್ಟಿತ್ತು, ಬೆರಳು ಎಷ್ಟುದ್ದ ಇದ್ದವು ಎಂದು ನೆನಪಿದ್ದಷ್ಟನ್ನೂ ಹೇಳಿದಳು. ಅಪ್ಪ ಮಗಳು ಇಬ್ಬರೂ ಕೇಳಿದರು. ಕೇಳಿ ಮುಗಿದ ಮೇಲೆ ಸ್ಕ್ರೂವನ್ನು ಚೂಟಿ ಹಿಡಿದುಕೊಂಡಳು, ಅವನು ತಿರುಗಿಸಿದ.

ಮುಂದಿನ ವರ್ಷ ಮಂಡಿ ನೋವು ಹೆಚ್ಚಾಗಿ ಅತ್ತಿಗೆ ಇವರ ಜೊತೆಗೇ ಇರಲು ಬಂದರು. ಅವರ ಮಂಚಕ್ಕೆ ಜಾಗ ಮಾಡಲು ಅಡ್ಡ ಕಪಾಟನ್ನು ಪೂರ್ತಿ ಬಿಚ್ಚಿ, ಗೂಡುಗಳನ್ನು ಗೋಡೆಯುದ್ದಕ್ಕೂ ತಗ್ಗಾಗಿ ಹಾಕಬೇಕಾಯಿತು. ಯಾವುದು ಎಲ್ಲಿ ಬರಬೇಕು ಎಂದು ನಾಲ್ಕು ಜನರಿಗೂ ಒಂದೊಂದು ಅಭಿಪ್ರಾಯ. ಅವನ ಬಟ್ಟೆಯ ಗೂಡು ಕಿಟಕಿಯ ಹತ್ತಿರವೇ ಇರಲಿ, ಅಲ್ಲಿ ಗಾಳಿಯಾಡುತ್ತದೆ ಎಂದು ಅತ್ತಿಗೆ ಹೇಳಿದ್ದಕ್ಕೆ ಮಾತ್ರ ಯಾರೂ ಎದುರಾಡಲಿಲ್ಲ.